ಹುಟ್ಟು ಹಾಕಿ ಸಾಗರ ದಾಟಿದವರ ದಿನಚರಿ

ಬೆಂಗಳೂರು ಮೂಲದ ಅನನ್ಯ ಪ್ರಸಾದ್ ಏಕಾಂಗಿಯಾಗಿ ಹುಟ್ಟು ಹಾಕಿ ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿದ ವಾರ್ತೆ 2025ರ ಜನವರಿಯ ಕೊನೆಯಲ್ಲಿ ಬಂದಾಗ ಕನ್ನಡಿಗರು ಹಿಗ್ಗಿದರು. ಆಕೆ ಕವಿ ಜಿ. ಎಸ್. ಶಿವರುದ್ರಪ್ಪನವರ ಮೊಮ್ಮಗಳೆಂಬುದು ಆ ಹಿಗ್ಗಿಗೆ ಇನ್ನೊಂದು ಕಾರಣ. ಕೆನರಿ ದ್ವೀಪಗಳ ಲಾ ಗೊಮೆರಾದಿಂದ ಹೊರಟು ಕೆರಿಬಿಯನ್ ಸಮುದ್ರದ ಆಂಟಿಗುವಾ ದ್ವೀಪವನ್ನು ಮುಟ್ಟಲು ಆಕೆಗೆ ಹಿಡಿದದ್ದು 52 ದಿನಗಳು. ಇಂಥ ಸುದ್ದಿಯನ್ನು ಓದಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆಗಳು ಭೂಗೋಳಕ್ಕೆ ಸಂಬಂಧಿಸಿದವಲ್ಲ. ಅಷ್ಟು ದಿನ ಅಲ್ಲಿ ಏನು ತಿನ್ನುತ್ತಾರೆ? ಎಲ್ಲಿ ಮಲಗುತ್ತಾರೆ? ಕುಡಿಯುವ ನೀರಿಗೆ ಏನು ಮಾಡುತ್ತಾರೆ? ಅಜ್ಜಿಯರು ಕೇಳುವ ಪ್ರಶ್ನೆಗಳಿವು ಎಂದು ನಗಬೇಕಾಗಿಲ್ಲ. ಸಾಗರ ದಾಟುವವರ ಅಳಿವು ಉಳಿವು ನಿಂತಿರುವುದು ಇವುಗಳ ಮೇಲೆಯೇ.

ಇಂದಿನ ಇಂಥ ದೋಣಿಗಳಲ್ಲಿ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಫಲಕಗಳುಂಟು, ಸಮುದ್ರದ ನೀರನ್ನು ಸಿಹಿನೀರಾಗಿಸುವ ಯಂತ್ರವುಂಟು, ಉಪಗ್ರಹದ ಮೂಲಕ ಮನೆಯವರೊಡನೆ ಮಾತನಾಡುವ ಅನುಕೂಲವುಂಟು, ಬಾಗಿಲು ಮುಚ್ಚಿ ಮಲಗಲು ಪುಟ್ಟ ಕೋಣೆಯೂ ಉಂಟು. ಇವುಗಳಲ್ಲಿ ಒಂದೂ ಇಲ್ಲದ ಕಾಲದಲ್ಲಿ ಈ ಕೆಲಸಕ್ಕೆ ಕೈಹಾಕಿ ಗೆದ್ದವರು ಇಬ್ಬರು ಬಡ ನಾರ್ವೇಜಿಯನರು.

ಜಾರ್ಜ್ ಹಾರ್ಬೋ, ಫ್ರಾಂಕ್ ಸ್ಯಾಮ್ಯುಯೆಲ್‌ಸನ್ ಎಂಬ ಇವರು ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋಗಿ, ನ್ಯೂಜೆರ್ಸಿಯ ಕರಾವಳಿಯಲ್ಲಿ ನೀರಿನ ತಳದಿಂದ ಚಿಪ್ಪುಮೀನು ಬಾಚಿ ಮಾರಿ ಜೀವನ ಸಾಗಿಸುತ್ತಿದ್ದವರು. 1896ರಲ್ಲಿ ಹಾರ್ಬೋಗೆ 31 ವರ್ಷ, ಸ್ಯಾಮ್ಯುಯೆಲ್‌ಸನ್‌ಗೆ 26. ಸಾಗರವನ್ನು ಹುಟ್ಟು ಹಾಕಿಯೇ ದಾಟಿದರೆ ಹೆಸರು ಬರುತ್ತದೆ, ಹೆಸರಿನ ಹಿಂದೆ ಹಣವೂ ಬಂದೀತು ಎಂಬುದು ಇವರ ಎಣಿಕೆ. ಸುಮಾರು 18 ಅಡಿ ಉದ್ದದ, 5 ಅಡಿ ಅಗಲದ ಮರದ ದೋಣಿಯೊಂದನ್ನು ಕಟ್ಟಿಸಿದರು. ಹಾಯಿಯಿಲ್ಲ, ಹಾಯಿಮರವೂ ಇಲ್ಲ. ‘ಪೊಲೀಸ್ ಗೆಜೆಟ್’ ಎಂಬ ಪತ್ರಿಕೆಯ ಒಡೆಯ ರಿಚರ್ಡ್ ಕೆ. ಫಾಕ್ಸ್‌ನ ಹೆಸರಿನಿಂದ ಅದನ್ನು ‘ಫಾಕ್ಸ್’ ಎಂದು ಕರೆದರು. ದೋಣಿಯ ಎರಡು ತುದಿಗಳಲ್ಲಿ ನೀರು ಹೊಗದ ಗೂಡುಗಳಿದ್ದವು. ತಳಭಾಗದ ಹೊರಮೈಗೆ ಹಿಡಿಕಂಬಿಗಳನ್ನು ಜಡಿಸಿದ್ದರು. ದೋಣಿ ಮಗುಚಿದರೆ ಅವನ್ನು ಹಿಡಿದು ಮತ್ತೆ ನೆಟ್ಟಗೆ ಮಾಡಬಹುದೆಂದು. ಮಗುಚುವುದು ಖಂಡಿತವೆಂದು ಬಲ್ಲವರು ಮಾತ್ರ ಮಾಡುವ ಏರ್ಪಾಡು ಇದು.

1896ರ ಜೂನ್ 6ರಂದು ಅವರು ನ್ಯೂಯಾರ್ಕಿನಿಂದ ಹೊರಟರು. ದೋಣಿಯಲ್ಲಿ ಐದು ಜೊತೆ ಹುಟ್ಟು, ಒಂದು ದಿಕ್ಸೂಚಿ, ಸೂರ್ಯನ ಎತ್ತರವನ್ನು ಅಳೆಯುವ ಉಪಕರಣ, ಎಣ್ಣೆಯ ಸಣ್ಣ ಒಲೆ, ಬಿಸ್ಕತ್ತು, ಡಬ್ಬಿಯ ಮಾಂಸ, ಮೊಟ್ಟೆ, ಕಾಫಿ, ಸುಮಾರು 60 ಗ್ಯಾಲನ್ ನೀರು ಇದ್ದವು. ಎರಡು ತಿಂಗಳ ಪ್ರಯಾಣವೆಂದು ಲೆಕ್ಕ ಹಾಕಿದರೆ ಈ ನೀರು ಆಳಿಗೆ ದಿನಕ್ಕೆ ಅರ್ಧ ಗ್ಯಾಲನ್, ಅಂದರೆ ಎರಡು ಲೀಟರಿಗಿಂತ ಕಡಿಮೆ. ಕುಡಿಯುವುದಕ್ಕೂ ಅದೇ, ಕಾಫಿಗೂ ಅದೇ. ದಿನವಿಡೀ ಮೈಮುರಿದು ದುಡಿಯುವವನಿಗೆ ಇದು ಜಿಪುಣತನದ ಪಡಿಯೆಂದೇ ಹೇಳಬೇಕು. ಮುಖ ತೊಳೆಯುವ ಮಾತೇ ಇಲ್ಲ. ಮಳೆ ಬಂದ ದಿನ ಸ್ನಾನ.

ಹಗಲಿನಲ್ಲಿ ಇಬ್ಬರೂ ಕೂಡಿ ಹುಟ್ಟು ಹಾಕುವುದು, ರಾತ್ರಿಯಲ್ಲಿ ಒಬ್ಬ ಮಲಗಿದಾಗ ಇನ್ನೊಬ್ಬ ಹುಟ್ಟು ಹಿಡಿಯುವುದು, ಇದು ಅವರ ಸರದಿ. ಮಲಗುವುದೆಂದರೆ ಒದ್ದೆ ಹಲಗೆಯ ಮೇಲೆ, ಕ್ಯಾನ್ವಾಸಿನ ಅಡಿಯಲ್ಲಿ ಮುದುಡಿಕೊಳ್ಳುವುದು. ಅಡುಗೆಯೆಂದರೆ ಒಬ್ಬನು ಗಾಳಿಗೆ ಬೆನ್ನು ಕೊಟ್ಟು ಒಲೆಗೆ ಮರೆಯಾಗುವುದು. ಅಲೆ ಜೋರಾದ ದಿನ ಒಲೆಯೇ ಹೊತ್ತುವುದಿಲ್ಲ. ಅಂದು ತಣ್ಣನೆಯ ಮಾಂಸ, ಒಣ ಬಿಸ್ಕತ್ತು. ನಡುನಡುವೆ ದೋಣಿಯೊಳಕ್ಕೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಚೆಲ್ಲಬೇಕು. ಎದುರುಗಾಳಿ ಬೀಸತೊಡಗಿದರೆ ಹುಟ್ಟನ್ನು ಒಳಗೆಳೆದುಕೊಂಡು, ಬಾಯಗಲದ ಬಟ್ಟೆಯ ಚೀಲವೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡಬೇಕು. ಅದು ನೀರು ತುಂಬಿಕೊಂಡು ದೋಣಿಯನ್ನು ಹಿಡಿದೆಳೆಯುತ್ತದೆ. ಆಗಲೂ ದೋಣಿ ಹಿಂದಕ್ಕೆ ಸರಿಯುವುದುಂಟು. ನಿನ್ನೆ ಬೆವರು ಸುರಿಸಿ ಗಳಿಸಿದ ದಾರಿಯಲ್ಲಿ ಒಂದಂಶವನ್ನು ಗಾಳಿ ರಾತ್ರಿಯಲ್ಲಿ ಮರಳಿ ಕಿತ್ತುಕೊಳ್ಳುತ್ತದೆ.

ಭೂಮಿಯ ಮೇಲಿರುವ ನಾವು ಊಹಿಸಲಾರದ ಕಷ್ಟ ಉಪ್ಪಿನದು. ಸಮುದ್ರದ ನೀರಿನಲ್ಲಿ ನೆನೆದ ಬಟ್ಟೆ ಬಿಸಿಲಿಗೆ ಆರಿದಾಗ ನೀರು ಹೋಗಿ ಉಪ್ಪಿನ ಹರಳು ಉಳಿಯುತ್ತದೆ. ಆ ಹರಳು ಚರ್ಮವನ್ನು ಉಜ್ಜುತ್ತದೆ. ಸಂಜೆ ತಂಪಾದೊಡನೆ ಗಾಳಿಯ ತೇವವನ್ನು ಹೀರಿ ಬಟ್ಟೆಯನ್ನು ಮತ್ತೆ ಒದ್ದೆ ಮಾಡುತ್ತದೆ. ಅಂಗೈಯ ಬೊಕ್ಕೆ ಕೆಲವು ದಿನಗಳಲ್ಲಿ ಜಡ್ಡುಗಟ್ಟಿ ವಾಸಿಯಾದೀತು. ಕುಳಿತುಕೊಳ್ಳುವ ಭಾಗದ ಹುಣ್ಣಿಗೆ ಮಾತ್ರ ಬಿಡುವಿಲ್ಲ, ಏಕೆಂದರೆ ಕುಳಿತುಕೊಳ್ಳದೆ ಹುಟ್ಟು ಹಾಕುವಂತಿಲ್ಲ. ಇನ್ನೊಂದು ವಿಚಿತ್ರವೆಂದರೆ, ಹೀಗೆ ಹುಟ್ಟು ಹಾಕುವವನು ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಸೇರಬೇಕಾದ ಊರು ಅವನ ಕಣ್ಣಿಗೆ ಬೀಳುವುದಿಲ್ಲ. ಬಿಟ್ಟುಬಂದ ದಾರಿಯೊಂದೇ ದಿನವೆಲ್ಲ ಎದುರಿಗೆ.

ಜುಲೈ ಮೊದಲಲ್ಲಿ ಫ್ಯೂರ್ಸ್ಟ್ ಬಿಸ್ಮಾರ್ಕ್ ಎಂಬ ಜರ್ಮನಿಯ ದೊಡ್ಡ ಉಗಿಹಡಗು ಇವರನ್ನು ಕಂಡಿತು. ಹಡಗೊಡೆದು ದಿಕ್ಕೆಟ್ಟವರಿರಬೇಕೆಂದು ಅದರವರು ಹತ್ತಿಸಿಕೊಳ್ಳಲು ಮುಂದಾದರು, ಇವರು ಒಲ್ಲೆವೆಂದರು. ಜುಲೈ 10ರಂದು ದೋಣಿ ಮಗುಚಿತು. ಇಬ್ಬರೂ ದೋಣಿಗೆ ಹಗ್ಗದಿಂದ ಕಟ್ಟಿಕೊಂಡಿದ್ದರಿಂದ ಬದುಕಿದರು. ತಳದ ಹಿಡಿಕಂಬಿಗಳನ್ನು ಹಿಡಿದು ದೋಣಿಯನ್ನು ತಿರುಗಿಸಿ ಹತ್ತಿದರು. ಆದರೆ ಆಹಾರದ ಬಹುಭಾಗ ಸಮುದ್ರದ ಪಾಲಾಗಿತ್ತು. ಐದು ದಿನಗಳ ತರುವಾಯ ‘ಸೀಟೋ’ ಎಂಬ ನಾರ್ವೆಯ ಹಾಯಿಹಡಗು ಎದುರಾಯಿತು. ತಮ್ಮ ನುಡಿಯಾಡುವ ಜನ ಹೊಟ್ಟೆತುಂಬ ಊಟ ಹಾಕಿ, ಕುಡಿಯುವ ನೀರನ್ನೂ ದಿನಸಿಯನ್ನೂ ಕೊಟ್ಟು ಕಳುಹಿಸಿದರು. ಸೀಟೋ ಸಿಗದಿದ್ದರೆ ಈ ಕಥೆಯನ್ನು ಹೇಳಲು ಅವರು ಉಳಿಯುತ್ತಿದ್ದುದು ಅನುಮಾನ.

ಆಗಸ್ಟ್ 1ರಂದು, 55 ದಿನಗಳ ಮೇಲೆ, ಇಂಗ್ಲೆಂಡಿನ ನೈರುತ್ಯಕ್ಕಿರುವ ಸಿಲಿ ದ್ವೀಪಗಳ ಸೇಂಟ್ ಮೇರಿಯನ್ನು ಮುಟ್ಟಿದರು. ದೂರ 3,000 ಮೈಲಿಗೂ ಹೆಚ್ಚು. ಅಷ್ಟಕ್ಕೇ ನಿಲ್ಲದೆ ಮತ್ತೆ ಹುಟ್ಟು ಹಿಡಿದು ಫ್ರಾನ್ಸಿನ ಲ ಹಾವ್ರ್ ಬಂದರಿಗೆ ಆಗಸ್ಟ್ 7ರಂದು ಹೋದರು. ಫಾಕ್ಸ್ ಚಿನ್ನದ ಪದಕಗಳನ್ನು ಕೊಟ್ಟ. ಅವರು ಬಯಸಿದ ಸಂಪತ್ತು ಬರಲಿಲ್ಲ. ನ್ಯೂಯಾರ್ಕಿನಿಂದ ಸಿಲಿ ದ್ವೀಪಗಳಿಗೆ ಅವರು ತೆಗೆದುಕೊಂಡದ್ದಕ್ಕಿಂತ ಕಡಿಮೆ ಕಾಲದಲ್ಲಿ ಹುಟ್ಟು ಹಾಕಿ ಬಂದವರು ಕಾಣಿಸಿಕೊಂಡದ್ದು 114 ವರ್ಷಗಳ ಬಳಿಕ, 2010ರಲ್ಲಿ; ಅದೂ ಇಬ್ಬರಲ್ಲ, ನಾಲ್ವರು. ಪ್ರತಿದಿನವೂ ಒಂದು ಸಂಸಾರದಂತೆ ನೀರು, ಒಲೆ, ನಿದ್ದೆ, ಸರದಿಗಳನ್ನು ತಪ್ಪದೆ ನಡೆಸಿಕೊಂಡು ಹೋದ ಮನೆವಾರ್ತೆಯ ಫಲವಿದು ಎಂದರೆ ಅತಿಶಯೋಕ್ತಿಯಾಗದು.

ಆದರೆ ಮನೆವಾರ್ತೆ ಸರಿಯಾಗಿದ್ದರೆ ಸಾಗರ ದಾರಿ ಬಿಟ್ಟೇ ಬಿಡುತ್ತದೆ ಎಂದು ತಿಳಿಯುವಂತಿಲ್ಲ. ಎಪ್ಪತ್ತು ವರ್ಷಗಳ ನಂತರ, 1966ರ ಬೇಸಗೆಯಲ್ಲಿ ನಡೆದ ಸಂಗತಿ ಇದಕ್ಕೆ ಸಾಕ್ಷಿ.

ಆ ವರ್ಷ ಬ್ರಿಟನ್ನಿನ ಪತ್ರಕರ್ತ ಡೇವಿಡ್ ಜಾನ್‌ಸ್ಟೋನ್ ಇದೇ ಅಟ್ಲಾಂಟಿಕ್ಕನ್ನು ಅಮೆರಿಕದಿಂದ ಹುಟ್ಟು ಹಾಕಿ ದಾಟಬೇಕೆಂದು ಜೊತೆಗಾರನನ್ನು ಹುಡುಕಿ ಜಾಹೀರಾತು ಕೊಟ್ಟಿದ್ದ. ಬರಲು ಸಿದ್ಧನಾದವರಲ್ಲಿ ಸೈನ್ಯದ ಕ್ಯಾಪ್ಟನ್ ಜಾನ್ ರಿಜ್ವೇಯೂ ಒಬ್ಬ. ಜಾನ್‌ಸ್ಟೋನ್ ಆರಿಸಿಕೊಂಡದ್ದು ಜಾನ್ ಹೋರ್ ಎಂಬ ಇನ್ನೊಬ್ಬ ಪತ್ರಕರ್ತನನ್ನು. ರಿಜ್ವೇ ಸುಮ್ಮನೆ ಕುಳಿತುಕೊಳ್ಳದೆ ಸಾರ್ಜೆಂಟ್ ಚೇ ಬ್ಲೈತ್‌ನನ್ನು ಕೂಡಿಕೊಂಡು ತಾನೇ ಬೇರೆ ದೋಣಿಯನ್ನು ಸಜ್ಜು ಮಾಡಿದ. ಪತ್ರಕರ್ತರ ‘ಪಫಿನ್’ ದೋಣಿಯ ನಕ್ಷೆಯನ್ನು ಕಾಲಿನ್ ಮೂಡಿ ಎಂಬ ಹೆಸರಾಂತ ವಿನ್ಯಾಸಕ ತಯಾರಿಸಿದ್ದ. ಮಲಗಲು ಅದರಲ್ಲಿ ಮರೆಯಿತ್ತು. ಸೈನಿಕರ ‘ಇಂಗ್ಲಿಷ್ ರೋಸ್ 3’ ಮೀನುಗಾರರು ಬಳಸುವ ಬಗೆಯ, 20 ಅಡಿಯ ತೆರೆದ ದೋಣಿ. ಪಫಿನ್ ಮೇ 21ರಂದು ವರ್ಜೀನಿಯಾ ಬೀಚಿನಿಂದ ಹೊರಟಿತು. ರೋಸ್ ಹೊರಟದ್ದು ಎರಡು ವಾರ ತಡವಾಗಿ, ಜೂನ್ 4ರಂದು, ಇನ್ನೂ ಉತ್ತರದ ಕೇಪ್ ಕಾಡ್‌ನಿಂದ.

ಸೈನಿಕರದೂ ಹಳೆಯ ಕ್ರಮವೇ: ಹಗಲು ಇಬ್ಬರೂ, ರಾತ್ರಿ ಸರದಿ. ಹೊರಟ ಕೆಲವೇ ದಿನಗಳಲ್ಲಿ ಆಲ್ಮಾ ಚಂಡಮಾರುತದ ಹೊಡೆತ ತಿಂದರು. ಆಹಾರ ತೀರುತ್ತ ಬಂದಾಗ ಆಗಸ್ಟಿನಲ್ಲಿ ತೈಲಹಡಗೊಂದು ಎದುರಾಗಿ ಕಾಪಾಡಿತು. 1896ರಂತೆ ಇಲ್ಲಿಯೂ ದಾರಿಯಲ್ಲಿ ಸಿಕ್ಕಿದವರ ಉಪಕಾರದಿಂದಲೇ ಪಡಿ ತುಂಬಿತು. ಸೆಪ್ಟೆಂಬರ್ 3ರಂದು, 92ನೆಯ ದಿನ, ಅವರು ಐರ್ಲೆಂಡಿನ ಪಶ್ಚಿಮದ ಆರನ್ ದ್ವೀಪಗಳನ್ನು ಮುಟ್ಟಿದರು.

ಪಫಿನ್ ಎಲ್ಲಿಯೂ ದಡ ಸೇರಲಿಲ್ಲ. ಅಕ್ಟೋಬರ್ 14ರಂದು ಕೆನಡಾದ ಯುದ್ಧನೌಕೆಯೊಂದಕ್ಕೆ ಅದು ಅಟ್ಲಾಂಟಿಕ್ಕಿನಲ್ಲಿ ಬೋರಲಾಗಿ ತೇಲುತ್ತಿದ್ದದ್ದು ಕಾಣಿಸಿತು. ಜನರಿರಲಿಲ್ಲ; ದೇಹಗಳು ಎಂದಿಗೂ ಸಿಕ್ಕಲಿಲ್ಲ. ಸಿಕ್ಕಿದ್ದು ದಿನಚರಿಯ ಪುಸ್ತಕ. ಅದರ ಕೊನೆಯ ಬರಹ ಪ್ರಯಾಣದ 106ನೆಯ ದಿನದ್ದು, ಸೆಪ್ಟೆಂಬರ್ 3ರದು. ಆ ದಿನಗಳಲ್ಲಿ ಫೇತ್ ಎಂಬ ಚಂಡಮಾರುತ ಉತ್ತರ ಅಟ್ಲಾಂಟಿಕ್ಕಿನಲ್ಲಿ ಹಾಯುತ್ತಿತ್ತು. ರಿಜ್ವೇ ದಡದ ಮೇಲೆ ಕಾಲಿಟ್ಟ ದಿನವೇ, ಅವನು ಕುಳಿತಿರಬಹುದಾಗಿದ್ದ ಆ ಇನ್ನೊಂದು ದೋಣಿಯ ದಿನಚರಿ ನಿಂತುಹೋಗಿತ್ತು.

ಗೆದ್ದವರ ಹೆಸರನ್ನು ದಾಖಲೆಯ ಪಟ್ಟಿ ಉಳಿಸಿಕೊಳ್ಳುತ್ತದೆ. ಜಾನ್‌ಸ್ಟೋನ್, ಹೋರ್ ಇವರಿಗೆ ಉಳಿದದ್ದು ಆ ಪುಸ್ತಕ; ಮುಂದೆ ಅದು ಅಚ್ಚಾಯಿತು. ಅವರು ಹೇಗೆ ಸತ್ತರೆಂಬುದು ಅದರಲ್ಲಿಲ್ಲ. ನೂರಕ್ಕೂ ಹೆಚ್ಚು ದಿನ ಹೇಗೆ ಬದುಕಿದ್ದರೆಂಬುದು ಅದರಲ್ಲಿದೆ. ಉಪ್ಪುನೀರಿನಲ್ಲಿ ಐದಾರು ವಾರ ಬಿದ್ದಿದ್ದರೂ ಅಳಿಸಿಹೋಗದೆ ಉಳಿದ ಆ ಹಾಳೆಗಳಿಂದಲೇ ನಾವು ಅವರನ್ನು ಬಲ್ಲೆವು.