ದ್ವಿತೀಯಾಕ್ಷರ ಪ್ರಾಸ: ಒಂದು ಕಟ್ಟಳೆಯ ಚರಿತ್ರೆ

ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದಕ್ಕೆ ಸೇರುವ ಸ್ವರ ಮಾತ್ರ ಯಾವುದಾದರೂ ಆಗಬಹುದು ಎಂಬ ನಿಯಮವು ಕನ್ನಡ ಕಾವ್ಯವನ್ನು ಸಾವಿರ ವರ್ಷಗಳಿಗೂ ಮಿಕ್ಕು ಆಳಿತು. ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸವೆಂದು ಕರೆಯಲಾಗುವ ಈ ಕಟ್ಟಳೆ ಸಂಸ್ಕೃತ ಛಂದಸ್ಸಿನಲ್ಲಿ ಕಡ್ಡಾಯವಲ್ಲ; ತೆಲುಗಿನ ಪ್ರಾಸ, ತಮಿಳಿನ ಎದುಗೈ ಇದರ ಬಳಗಕ್ಕೆ ಸೇರಿದವು. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಪ್ರಸಿದ್ಧ ತ್ರಿಪದಿಯ ಮೂರು ಪಾದಗಳೂ ಸಾ, ಬಾ, ಮಾ ಎಂಬ ದೀರ್ಘಾಕ್ಷರಗಳಿಂದ ಮೊದಲಾಗಿ, ಮೂರರಲ್ಲಿಯೂ ಎರಡನೆಯ ಅಕ್ಷರವಾಗಿ ಧಕಾರವೇ ಬಂದಿರುವುದನ್ನು ನೋಡಿದರೆ, ಶಾಸ್ತ್ರಗ್ರಂಥಗಳು ಹುಟ್ಟುವ ಮೊದಲೇ ಪ್ರಯೋಗವು ಬೇರೂರಿತ್ತೆಂಬುದು ಸ್ಪಷ್ಟವಾಗುತ್ತದೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಶಬ್ದಾಲಂಕಾರಗಳಲ್ಲಿ ಪ್ರಾಸವೇ ಕನ್ನಡಕ್ಕೆ ಅತಿಶಯವಾದುದೆಂದು ಹೇಳಿ, ಪಾದದ ನಡುವೆ ನಿಲುಗಡೆಯನ್ನು ವಿಧಿಸುವ ಯತಿಗಿಂತ ಅದಕ್ಕೆ ಹೆಚ್ಚಿನ ಮನ್ನಣೆಯನ್ನು ಕೊಟ್ಟಿತು. ಸುಮಾರು 990ರಲ್ಲಿ ‘ಛಂದೋಂಬುಧಿ’ಯನ್ನು ರಚಿಸಿದ ನಾಗವರ್ಮನು ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ ಎಂದೂ, ಪ್ರಾಸಸ್ಥಾನದಲ್ಲಿ ಬೇರೆ ಬೇರೆ ವ್ಯಂಜನಗಳ ಒತ್ತಕ್ಷರವಿದ್ದರೆ ಶರಭ, ಒಂದೇ ವ್ಯಂಜನದ ದಡ್ಡಕ್ಕರವಿದ್ದರೆ ಹಯ ಎಂದೂ ಆರು ಬಗೆಗಳನ್ನು ಹೆಸರಿಸಿದನು. ಆ ಲೆಕ್ಕದಲ್ಲಿ ಬಾದಾಮಿಯ ತ್ರಿಪದಿ ಗಜಪ್ರಾಸದ್ದು. ಪಾದವಿಭಾಗವೇ ಇಲ್ಲದ ವಚನಕ್ಕೆ ಈ ನಿಯಮ ತಾಗಲಿಲ್ಲ. ಆದರೆ ರಾಘವಾಂಕ, ಕುಮಾರವ್ಯಾಸರ ಷಟ್ಪದಿಗಳಲ್ಲಿ ಅದು ಆರು ಪಾದಗಳಿಗೂ ಹರಡಿತು.

ಪ್ರಾಸವು ಕಿವಿಗೆ ಇಂಪನ್ನು ಕೊಟ್ಟಂತೆಯೇ ಪಾಠಕ್ಕೆ ಕಾವಲನ್ನೂ ಒದಗಿಸಿತು. ಹಳಗನ್ನಡದಲ್ಲಿ ೞಕಾರವೂ ಳಕಾರವೂ ಬೇರೆ ಬೇರೆ ಧ್ವನಿಗಳಾಗಿದ್ದುದರಿಂದ ಅವೆರಡನ್ನು ಪ್ರಾಸದಲ್ಲಿ ಬೆರೆಸುವುದು ದೋಷವಾಗಿತ್ತು. ಆಡುಮಾತಿನಲ್ಲಿ ೞಕಾರ ಅಳಿಯತೊಡಗಿದ ಮೇಲೆ ಅದನ್ನು ಕಿವಿಯಿಂದ ಗುರುತಿಸುವುದು ಕಷ್ಟವಾಯಿತು. ಸುಮಾರು 1260ರ ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿದ್ದು ಈ ಹಿನ್ನೆಲೆಯಲ್ಲಿಯೇ. ಕಂದಪದ್ಯವೊಂದರ ಮೂರು ಪಾದಗಳಲ್ಲಿ ೞಕಾರವಿದ್ದು ನಾಲ್ಕನೆಯದರಲ್ಲಿ ಳಕಾರ ಕಂಡರೆ, ತಾಳೆಗರಿಯ ಪ್ರತಿಕಾರನು ತಪ್ಪಿರಬಹುದೆಂದು ಗ್ರಂಥಸಂಪಾದಕನು ಊಹಿಸಬಲ್ಲನು.

ಪ್ರಾಸಕ್ಕೆ ಒದಗದ ಮಾತನ್ನು ಬಿಟ್ಟು ಒದಗುವ ಮಾತನ್ನು ಎಳೆದುತರಬೇಕಾದ ಕವಿಯ ತೊಡಕು ಹಳೆಯದಾದರೂ, 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ತೊರೆದು ಬರೆದಾಗ ಅದು ದೊಡ್ಡ ಚರ್ಚೆಗೆ ಎಡೆಮಾಡಿತು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಆದಿಪ್ರಾಸದ ಹಂಗಿಲ್ಲದೆಯೂ ಅಂತ್ಯಪ್ರಾಸದಿಂದ ಪದ್ಯ ಬಿಗಿಯಾಗಿ ನಿಲ್ಲಬಲ್ಲುದೆಂದು ತೋರಿಸಿತು. 1949ರಲ್ಲಿ ಪ್ರಕಟವಾದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ವಾಕ್ಯವು ಪಾದದ ಅಂಚನ್ನು ದಾಟಿ ಹರಿಯುವ ಮಹಾಛಂದಸ್ಸು ರೂಪುಗೊಂಡಿತು. ಪಾದಪಾದಕ್ಕೂ ಒಂದೇ ವ್ಯಂಜನವನ್ನು ಹೊಂದಿಸಬೇಕಾಗಿದ್ದರೆ ಇಷ್ಟು ನೀಳವಾದ ವಾಕ್ಯಗಳ ಮಹಾಕಾವ್ಯ ಸುಲಭಸಾಧ್ಯವಾಗುತ್ತಿರಲಿಲ್ಲ. ಅತ್ತ ಬೇಂದ್ರೆಯವರ ಕವಿತೆ ನಾದಕ್ಕೆ ಬೇಕಾದೆಡೆ ಪ್ರಾಸವನ್ನು ಧಾರಾಳವಾಗಿ ಬಳಸಿಕೊಂಡಿತು. ಹೀಗೆ ಇಪ್ಪತ್ತನೆಯ ಶತಮಾನದಲ್ಲಿ ಪ್ರಾಸವು ಛಂದಸ್ಸಿನ ವಿಧಿಯಾಗಿ ಉಳಿಯದೆ, ಕವಿಯು ತನ್ನ ಅಗತ್ಯಕ್ಕೆ ತಕ್ಕಂತೆ ಆಯ್ದುಕೊಳ್ಳುವ ಅಲಂಕಾರವಾಯಿತು.