ಐಸಿಯುನಿಂದ ಮನೆಗೆ ಬಂದ್ಮೇಲೆ

2021ರಲ್ಲಿ ಕೊರೋನಾ ಎರಡನೇ ಅಲೇಲಿ ನಮ್ಮತ್ತೆ ಐಸಿಯು ಸೇರಿ, ವಾಪಸ್ ರಾಜಘಟ್ಟಕ್ಕೆ ಬಂದಾಗ ಬೀದಿಯವರೆಲ್ಲ ದೂರದಿಂದಲೇ "ಗೆದ್ದು ಬಂದ್ರು ಬಿಡಮ್ಮ" ಅಂದ್ರು. ನಾವೂ ಹಂಗೇ ಅಂದ್ಕೊಂಡಿದ್ವಿ. ಆದ್ರೆ ಅತ್ತೆಗೆ ಮುದ್ದೆ ಮುರಿಯೋಕೂ ಬೆರಳಲ್ಲಿ ಶಕ್ತಿ ಇರ್ಲಿಲ್ಲ. ಒಲೆ ಮೇಲೆ ಹಾಲಿಟ್ಟಿದ್ದು ಮರ್ತೋಗ್ತಿದ್ರು. ರಾತ್ರಿ ಎದ್ದು ಕೂತು "ನನ್ ಕೈ ಯಾಕೆ ಕಟ್ಟಿದೀರಾ" ಅಂತ ಅಳ್ತಿದ್ರು.

ಆಸ್ಪತ್ರೆಯವರು ನಮ್ಮನೆಯವರ ಫೋನಿಗೆ ಒಂದು ಆಪ್ ಹಾಕ್ಕೊಟ್ಟಿದ್ರು. ಬೆಳಿಗ್ಗೆ, ಸಂಜೆ ಆಕ್ಸಿಜನ್, ಜ್ವರ, ನಾಡಿ ಬರೀಬೇಕು. ಒಂದ್ಸಲ ಆಕ್ಸಿಜನ್ 91 ಅಂತ ಬರೆದಾಗ ತಕ್ಷಣ ನರ್ಸಮ್ಮ ಫೋನ್ ಮಾಡಿ, ಏನು ಮಾಡ್ಬೇಕು ಅಂತ ಹೇಳಿ, ಮತ್ತೆ ನೋಡಿಸಿದ್ರು. ಆ ಉಪಕಾರ ಮರೆಯೋ ಹಂಗಿಲ್ಲ. ಆದ್ರೆ ಅಳು, ಮರೆವು ಬರೆಯೋಕೆ ಅದರಲ್ಲಿ ಜಾಗ ಇರ್ಲಿಲ್ಲ. ಫೋನೂ ಹಗಲೆಲ್ಲ ನಮ್ಮನೆಯವರ ಜೇಬಲ್ಲಿ. ಜೊತೇಲಿ ಇರೋಳು ನಾನು. ಅದಕ್ಕೇ ಮಗಳ ಹಳೇ ನೋಟ್‌ಬುಕ್ಕಲ್ಲಿ ಬರೆಯೋಕೆ ಶುರು ಮಾಡ್ದೆ.

ಆಮೇಲೆ ಓದಿದಾಗ ಗೊತ್ತಾಯ್ತು, ನಮ್ಮನೆ ಕಥೆ ಹೊಸದೇನಲ್ಲ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಊರಲ್ಲಿ ಪೋಲಿಯೋ ಹರಡ್ತು. ಎಷ್ಟೋ ಮಕ್ಕಳಿಗೆ ಉಸಿರಾಡೋ ಸ್ನಾಯುಗಳೇ ನಿಂತೋದ್ವು. ಬ್ಯೋರ್ನ್ ಇಬ್ಸೆನ್ ಅನ್ನೋ ಡಾಕ್ಟ್ರು ಗಂಟಲಲ್ಲಿ ತೂತು ಮಾಡಿ, ನಳಿಗೆ ಹಾಕಿ, ರಬ್ಬರ್ ಚೀಲ ಒತ್ತಿ ಉಸಿರು ಕೊಡಿಸಿದ್ರು. ಸಾಕಷ್ಟು ಯಂತ್ರ ಇಲ್ದೆ, ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕ್ಕೊಂಡು ಹಗಲು ರಾತ್ರಿ ಕೈಯಿಂದಲೇ ಒತ್ತಿದ್ರು. ಮುಂದಿನ ವರ್ಷ ಅದೇ ಊರಲ್ಲಿ ಐಸಿಯು ಶುರುವಾಯ್ತು.

ಜೀವ ಉಳಿಸೋದು ಕಲಿತಾಯ್ತು. ಉಳಿದ ಜೀವ ಮನೇಲಿ ಹೆಂಗಿದೆ ಅಂತ ಕೇಳೋಕೆ ಇನ್ನೂ ತುಂಬಾ ವರ್ಷ ಹಿಡೀತು. ಐಸಿಯುನಲ್ಲಿ ಮತ್ತಿನ ಔಷಧಿ ಕೊಟ್ಟಿರ್ತಾರೆ. ಎಷ್ಟೋ ಜನಕ್ಕೆ ಆ ದಿನಗಳೇ ನೆನಪಿರಲ್ಲ, ಇಲ್ಲಾ ಕೆಟ್ಟ ಕನಸಿನ ಹಂಗೆ ಚೂರುಚೂರು ನೆನಪಿರುತ್ತೆ. ಇದನ್ನ ಕಂಡು ಡೆನ್ಮಾರ್ಕ್, ಸ್ವೀಡನ್, ನಾರ್ವೆ ಕಡೆಯ ನರ್ಸಮ್ಮಂದಿರು ರೋಗಿಗೋಸ್ಕರ ದಿನಚರಿ ಬರೆದಿಡೋ ಪದ್ಧತಿ ಬೆಳೆಸಿದ್ರು. ಇವತ್ತು ಏನಾಯ್ತು, ಯಾರು ನೋಡೋಕೆ ಬಂದಿದ್ರು, ಎಲ್ಲ ಬರೆದಿಟ್ಟು ವಾಸಿಯಾದ್ಮೇಲೆ ಕೊಡೋದು.

2010ರಲ್ಲಿ ಅಮೆರಿಕದಲ್ಲಿ ತಜ್ಞರು ಸಭೆ ಸೇರಿ ಈ ತೊಂದರೆಗೆ 'ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್' ಅಂತ ಹೆಸರು ಕೊಟ್ರು. ಮೈಯ ನಿಶ್ಶಕ್ತಿ, ಮರೆವು, ಮನಸ್ಸಿನ ಭಯ ದುಃಖ, ಮೂರೂ ಅದರೊಳಗೇ ಸೇರಿವೆ. ನನಗೆ ಕಣ್ಣಲ್ಲಿ ನೀರು ಬಂದಿದ್ದು ಇನ್ನೊಂದು ಮಾತಿಗೆ: ನೋಡ್ಕೊಳ್ಳೋ ಮನೆಯವರಿಗೆ ಆಗೋ ಸಂಕಟಾನೂ ಅವರು ಅದರಲ್ಲಿ ಸೇರಿಸಿದ್ರು.

ಈಗ ಆ ವಿಚಾರಣೆ ಮೊಬೈಲಿಗೆ ಬಂದಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು, ಐಸಿಯುನಿಂದ ಮನೆಗೆ ಹೋದವರ ಮನಸ್ಸಿನ ನೋವು ತಗ್ಗಿಸೋಕೆ ಒಂದು ಆಪ್ ಮಾಡಿ ಪರೀಕ್ಷಿಸಿದಾರೆ. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಸರ್ಕಾರ ಕೊರೋನಾಗೆ ಅಂತ ಆಪ್ತಮಿತ್ರ ಆಪು, 14410 ಸಹಾಯವಾಣಿ ಶುರು ಮಾಡ್ತು. 2022ರ ಅಕ್ಟೋಬರ್‌ನಿಂದ ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಇದೆ. ನಂಬರು 14416, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಮತ್ತೆ ಅತ್ತೆ ವಿಷಯಕ್ಕೆ ಬರ್ತೀನಿ. ಆಪಿನ ನರ್ಸಮ್ಮ ಇನ್ನೊಂದ್ಸಲ ಫೋನ್ ಮಾಡಿದಾಗ ಧೈರ್ಯ ಮಾಡಿ, ನೋಟ್‌ಬುಕ್ ನೋಡ್ಕೊಂಡೇ ಕೈ ಕಟ್ಟಿದ ವಿಷಯ ಕೇಳ್ದೆ. "ಹೌದಮ್ಮ, ನಳಿಗೆ ಕಿತ್ಕೋಬಾರ್ದು ಅಂತ ಮೆತ್ತನೆ ಪಟ್ಟಿ ಕಟ್ಟಿದ್ವಿ" ಅಂದ್ರು. ಅದನ್ನೇ ಬರ್ಕೊಂಡು ಅತ್ತೆಗೆ ಓದಿ ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ನನಗೆ ಹುಚ್ಚು ಹಿಡಿದಿಲ್ಲ ಅಲ್ವೇನೇ?" ಅಂದ್ರು. ಅಷ್ಟು ದಿನ ಆ ಭಯ ಒಬ್ಬರೇ ಹೊತ್ಕೊಂಡಿದ್ರು.

ನಿಮ್ಮನೇಲಿ ಯಾರಾದ್ರೂ ಐಸಿಯುನಿಂದ ಬಂದ್ರೆ ಆಪು ಕೇಳಿದ ಅಂಕಿ ತಪ್ಪದೆ ಬರೀರಿ. ಫೋನು ನೋಡ್ಕೊಳ್ಳೋರ ಕೈಲಿರ್ಲಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಂಡು ನಿದ್ದೆ, ಊಟ, ಎಷ್ಟು ಹೆಜ್ಜೆ ನಡೆದ್ರು, ಏನು ಮರೆತ್ರು, ಯಾತಕ್ಕೆ ಅತ್ರು ಅಂತ ಬರೀರಿ. ಡಾಕ್ಟ್ರು ಫೋನ್ ಮಾಡಿದಾಗ ಅದನ್ನೂ ಓದಿ. ಕೊನೇಲಿ ಒಂದು ಸಾಲು ನಿಮ್ಮ ಬಗ್ಗೇನೂ ಬರ್ಕೊಳ್ಳಿ ಅಕ್ಕ.