ಅಭಯ, ಅಧಿಕಾರ ಮತ್ತು ನ್ಯಾಯ: ಪುತ್ತೂರು, ಸುಳ್ಯ, ಕಡಬ ಸೀಮೆಯ ರಾಜಕೀಯ ಸ್ಮೃತಿ

ಆಳ್ವಿಕೆಯೊಂದನ್ನು ಯಾವ ಮಾನದಂಡದಿಂದ ಅಳೆಯಬೇಕು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಚಿಂತನೆ ನೀಡಿದ ಪ್ರಬಲ ಉತ್ತರ 'ನ್ಯಾಯ'. 1971ರಲ್ಲಿ ಜಾನ್ ರಾಲ್ಸ್ ಮಂಡಿಸಿದ ಸಿದ್ಧಾಂತವು ಮೊದಲು ನ್ಯಾಯದ ತತ್ತ್ವಗಳನ್ನು ನಿರೂಪಿಸಿ, ಬಳಿಕ ಸಂಸ್ಥೆಗಳನ್ನು ಅವುಗಳಿಗೆ ಒರೆಹಚ್ಚಿತು. ಈ ಕ್ರಮವನ್ನು ಪ್ರಶ್ನಿಸಿದ ವಾಸ್ತವವಾದಿಗಳಲ್ಲಿ ಬರ್ನಾರ್ಡ್ ವಿಲಿಯಮ್ಸ್ ಪ್ರಮುಖರು. ಮರಣಾನಂತರ 2005ರಲ್ಲಿ ಪ್ರಕಟವಾದ ಅವರ ಬರಹಗಳ ಪ್ರಕಾರ ರಾಜಕೀಯದ ಮೊದಲ ಪ್ರಶ್ನೆ ಸುವ್ಯವಸ್ಥೆ, ರಕ್ಷಣೆ ಮತ್ತು ವಿಶ್ವಾಸಗಳದು. ಆಳುವವನು ತನ್ನ ಅಧಿಕಾರಕ್ಕೆ ಆಳಲ್ಪಡುವವರಿಗೆ ಒಪ್ಪಿತವಾಗುವ ಸಮರ್ಥನೆಯನ್ನು ನೀಡಬೇಕು. ಈ ಪ್ರಶ್ನೆಯನ್ನು ತುಳುನಾಡಿನ ಮೌಖಿಕ ಪರಂಪರೆ ತನ್ನದೇ ಪರಿಭಾಷೆಯಲ್ಲಿ ಬಹು ಹಿಂದೆಯೇ ಎತ್ತಿದೆ.

ಪುತ್ತೂರು ಸೀಮೆಯ ಪಡುಮಲೆಯಿಂದ ಪಂಜದ ಮೂಲಕ ಎಣ್ಮೂರಿನವರೆಗೆ ಸಾಗುವ ಕೋಟಿ ಚೆನ್ನಯರ ಪಾಡ್ದನ ಇದಕ್ಕೆ ಉತ್ತಮ ನಿದರ್ಶನ. ಎ. ಸಿ. ಬರ್ನೆಲ್ ಸಂಗ್ರಹದ ಪಾಠವೊಂದು 1890ರ ದಶಕದಲ್ಲಿಯೇ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾಯಿತು. ಕಾಲಿಗೆ ಮುಳ್ಳು ನೆಟ್ಟು ನರಳುತ್ತಿದ್ದ ಪಡುಮಲೆಯ ಪೆರುಮಳ ಬಲ್ಲಾಳನನ್ನು ತುಂಬು ಗರ್ಭಿಣಿ ದೇಯಿ ಬೈದೆತಿ ಗುಣಪಡಿಸುತ್ತಾಳೆ. ಬಲ್ಲಾಳ ಪ್ರತಿಫಲದ ಮಾತು ಕೊಡುತ್ತಾನೆ. ಅವಳ ಅವಳಿ ಮಕ್ಕಳು ಬೆಳೆದ ಮೇಲೆ ಬುದ್ಯಂತನೊಡನೆ ಗದ್ದೆಯ ಕಲಹ ಉಂಟಾಗಿ ಅವನ ವಧೆಯಾಗುತ್ತದೆ. ತಮಗೆ ಸಲ್ಲಬೇಕಾದುದನ್ನು ಕೇಳಿ ಬೀಡಿಗೆ ಹೋದ ಅಣ್ಣತಮ್ಮಂದಿರು ಬರಿಗೈಯಲ್ಲಿ ಸೀಮೆ ದಾಟುತ್ತಾರೆ.

ಇಲ್ಲಿ ಮೂವರು ಬಲ್ಲಾಳರು ಅಧಿಕಾರದ ಮೂರು ಬಗೆಗಳಾಗಿ ನಿಲ್ಲುತ್ತಾರೆ. ಪಡುಮಲೆಯವನು ಕೊಟ್ಟ ಮಾತಿಗೆ ತಪ್ಪಿದವನು. ಪಂಜದ ಕೇಮರ ಬಲ್ಲಾಳ ಆಶ್ರಯದ ಸೋಗಿನಲ್ಲಿ ಸೆರೆಹಿಡಿದವನು. ಎಣ್ಮೂರಿನ ದೇವ ಬಲ್ಲಾಳ ಅಭಯ ನೀಡಿ, ಅದಕ್ಕಾಗಿ ಯುದ್ಧವನ್ನೂ ಎದುರಿಸಿದವನು. ಇವರಲ್ಲಿ ಯಾರ ಭೂಹಂಚಿಕೆ ಸಮಾನವಾಗಿತ್ತು ಎಂದು ಪಾಡ್ದನ ವಿಚಾರಿಸುವುದಿಲ್ಲ. ಯಾರ ನೆರಳಿನಲ್ಲಿ ನಿರ್ಭಯವಾಗಿ ಬದುಕಬಹುದು, ಯಾರ ಮಾತು ನಂಬಲರ್ಹ ಎಂಬುದೇ ಅದರ ವಿಚಾರಣೆ. ಕಾವಲನ್ನು ಹಿಂತೆಗೆದುಕೊಂಡವನಿಗೆ ವಿಧೇಯತೆ ಸಲ್ಲುವುದಿಲ್ಲ ಎಂಬ ತೀರ್ಮಾನವನ್ನು ಕಥೆ ಘಟನೆಗಳ ಮೂಲಕವೇ ಸ್ಥಾಪಿಸುತ್ತದೆ.

ಇದೇ ತರ್ಕವು ದಾಖಲೆಗಳಿರುವ ಇತಿಹಾಸದಲ್ಲಿಯೂ ಕಾಣಿಸುತ್ತದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡಾಗ ಅದರ ಭಾಗವಾಗಿದ್ದ ಅಮರ ಸುಳ್ಯವು ಕೆನರಾ ಜಿಲ್ಲೆಗೆ ಸೇರಿತು. ಮೊದಲು ಫಸಲಿನ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. ಧಾನ್ಯವನ್ನು ಮಾರಿ ಹಣ ಹೊಂದಿಸುವ ಭಾರ ರೈತನ ಮೇಲೆ ಬಿತ್ತು. ಬೆಲೆಯ ಏರಿಳಿತದ ನಷ್ಟವೂ ಅವನದೇ ಆಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳತ್ವದಲ್ಲಿ ಎದ್ದ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್‌ನಲ್ಲಿ ಮಂಗಳೂರನ್ನು ಪ್ರವೇಶಿಸಿ ಕೆಲವು ದಿನ ಹಿಡಿದಿಟ್ಟಿತು. ಪುಟ್ಟಬಸಪ್ಪನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಮುಂದಿರಿಸಿದ್ದು ಗಮನಾರ್ಹ. ತೆರಿಗೆಯ ದೂರನ್ನು ಜನರು ಪರಿಚಿತ ರಾಜಮನೆತನದ ಹೆಸರಿನಲ್ಲಿ, ಅಂದರೆ ಅಧಿಕಾರದ ಮಾನ್ಯತೆಯ ಪ್ರಶ್ನೆಯಾಗಿ ಮಂಡಿಸಿದರು.

ವಾಸ್ತವವಾದದ ಮಿತಿಯೂ ಇಲ್ಲಿಯೇ ಗೋಚರಿಸುತ್ತದೆ. ರಕ್ಷಣೆಯೇ ಮೊದಲೆಂದರೆ ಬಲ್ಲಾಳ–ಒಕ್ಕಲು ತಾರತಮ್ಯ ಸಹಜವೆನಿಸಿಬಿಡುವ ಅಪಾಯವಿದೆ. ಕೋಟಿ ಚೆನ್ನಯರು ಬೀಡನ್ನೇ ಅಳಿಸಲು ಹೊರಟವರಲ್ಲ. ಒಳ್ಳೆಯ ಬೀಡನ್ನು ಅರಸಿ ಹೋದವರು. 1837ರ ದಂಡೂ ರಾಜನಿಲ್ಲದ ವ್ಯವಸ್ಥೆಯನ್ನು ಕಲ್ಪಿಸಲಿಲ್ಲ. ಅಧಿಕಾರವೇ ಹುಟ್ಟಿಸಿದ ಒಪ್ಪಿಗೆ ಅಧಿಕಾರಕ್ಕೆ ಸಮರ್ಥನೆಯಾಗದು ಎಂದು ವಿಲಿಯಮ್ಸ್ ಎಚ್ಚರಿಸಿದ್ದು ಈ ಕಾರಣದಿಂದಲೇ. ಪಾಡ್ದನದ ಮಹತ್ವವೂ ಈ ದೃಷ್ಟಿಯಿಂದ ಹೆಚ್ಚುತ್ತದೆ. ಅದನ್ನು ಉಳಿಸಿದವರು ಬೀಡಿನ ಆಸ್ಥಾನ ಕವಿಗಳಲ್ಲ; ನೇಜಿ ನೆಡುವ ಹೆಂಗಸರು ಮತ್ತು ದೈವಾರಾಧನೆಯ ಕಲಾವಿದ ಸಮುದಾಯಗಳು. ಬಲ್ಲಾಳನ ಮಾತನ್ನು ನೆನಪಿಡುವ ಹಕ್ಕು ಬಲ್ಲಾಳನ ಕೈಯಲ್ಲಿರಲಿಲ್ಲ.

ಯುದ್ಧದಲ್ಲಿ ಮಡಿದ ಅವಳಿಗಳು ಬೈದೆರ್ಕಳಾಗಿ ಗರಡಿಗಳಲ್ಲಿ ಆರಾಧನೆಗೊಳ್ಳುತ್ತಿದ್ದಾರೆ. ಮೋಸಹೋದವರನ್ನೇ ಅಭಯ ನೀಡುವವರನ್ನಾಗಿ ಮಾಡಿದ ಈ ಪಲ್ಲಟದಲ್ಲಿ ಜನಪದದ ರಾಜಕೀಯ ವಿವೇಕವಿದೆ. ನ್ಯಾಯದ ಪರಿಪೂರ್ಣ ನಕ್ಷೆ ಅಲ್ಲಿಲ್ಲ. ಆದರೆ ಮಾತು ಮುರಿದ ಅಧಿಕಾರವನ್ನು ಗುರುತಿಸುವ, ಅದನ್ನು ಮರೆಯದಿರುವ ಕ್ರಮವೊಂದು ಅಲ್ಲಿದೆ. ನ್ಯಾಯದ ಬೇಡಿಕೆ ಮೊಳೆಯುವುದು ಇಂಥ ಸ್ಮೃತಿಯ ನೆಲದಲ್ಲಿಯೇ.